ಏರುಮಡಿಗೆ ನುಗ್ಗುವ ಮರದ ಬೇರು

ಏರುಮಡಿ (ನೆಲಕ್ಕಿಂತ ಎತ್ತರಕ್ಕೆ ಮಣ್ಣು ತುಂಬಿ ಮಾಡಿದ ಪಾತಿ) ಕಟ್ಟಿದ ಮೊದಲ ವರ್ಷ ತರಕಾರಿ ಸೊಂಪಾಗಿ ಬಂತು, ಆಮೇಲೆ ಏನು ಹಾಕಿದರೂ ಸೊರಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಹತ್ತಿರದಲ್ಲಿ ಮರ ಇದೆಯಾ ಅಂತ. ಹೆಚ್ಚಿನವರು ಗೊಬ್ಬರ ಸಾಲದು ಅಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಬೇರು ಒಳಗೆ ಬಂದಿದ್ದರೆ ಅದರಲ್ಲಿ ದೊಡ್ಡ ಪಾಲು ಮರಕ್ಕೇ ಹೋಗುತ್ತದೆ.

ಗುರುತು ಹಿಡಿಯುವುದು ಸುಲಭ. ಬೆಳಿಗ್ಗೆ ಚೆನ್ನಾಗಿ ನೀರು ಹಾಕಿದ್ದರೂ ಸಂಜೆಗೆ ಮಡಿ ಒಣಗಿರುತ್ತದೆ. ಕೈತೋಟದ ಸಲಿಕೆ ಮಣ್ಣಿಗೆ ಇಳಿಯುವುದೇ ಇಲ್ಲ, ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಮೂಲೆ ಅಗೆದು ನೋಡಿ. ತರಕಾರಿ ಗಿಡದ ಬೇರು ಗಿಡದ ಜೊತೆಗೇ ಕಿತ್ತು ಬರುತ್ತದೆ. ಮರದ್ದು ಕೆಳಗಿನಿಂದ ಮೇಲಕ್ಕೆ ಬಂದಿರುತ್ತದೆ, ತೊಗಟೆ ಇರುತ್ತದೆ, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ತಳದಲ್ಲಿ ನಾರಿನ ಚಾಪೆ ಹಾಸಿದ ಹಾಗೆ ಹೆಣೆದುಕೊಂಡಿರುತ್ತದೆ.

ಇದರಲ್ಲಿ ಮರದ ತಪ್ಪೇನೂ ಇಲ್ಲ. ನೀರು, ಗಾಳಿ, ಸಾರ ಸಿಕ್ಕಿದ ಕಡೆ ಬೇರು ಜಾಸ್ತಿ ಕವಲೊಡೆಯುತ್ತದೆ. ಸಡಿಲ ಮಣ್ಣು, ಕಾಂಪೋಸ್ಟ್, ದಿನಾ ನೀರು, ಮೂರನ್ನೂ ಒಂದೇ ಕಡೆ ಕೊಟ್ಟವರು ನಾವೇ ಅಲ್ವಾ? ಮರದ ಬೇರು ಆಳಕ್ಕೆ ಹೋಗುತ್ತದೆ ಅಂತ ನಂಬಿಕೊಂಡು ಧೈರ್ಯವಾಗಿರುವವರು ಬಹಳ. ನಿಜವಾಗಿ ನೀರು ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿಯೊಳಗೇ ಇರುತ್ತವೆ. ಕೊಂಬೆಯ ಹರವು ಮುಗಿದ ಮೇಲೂ ತುಂಬಾ ದೂರ ಹೋಗುತ್ತವೆ. ಹಾಗಾಗಿ ಮಡಿಯನ್ನು ನೆರಳಿನಿಂದ ಆಚೆಗೆ ಸರಿಸಿದ ಮಾತ್ರಕ್ಕೆ ಬೇರಿನ ಕಾಟ ತಪ್ಪುವುದಿಲ್ಲ.

ತಳಕ್ಕೆ ರಟ್ಟು ಹಾಸಿದರೆ ಕೆಲವು ತಿಂಗಳಲ್ಲಿ ಕರಗಿ ಮಣ್ಣಾಗುತ್ತದೆ. ಕಳೆ ತಡೆಯುವ ತೆಳು ಬಟ್ಟೆ ಹುಲ್ಲಿಗೆ ಸರಿ, ಮರದ ಬೇರು ಅದನ್ನು ತೂರಿಕೊಂಡು ಬರುತ್ತದೆ. ಆಮೇಲೆ ಬಟ್ಟೆ ಕೀಳಲು ಹೋದರೆ ಬೇರಿನ ಜೊತೆ ಹೆಣೆದುಕೊಂಡು ಬರುವುದೇ ಇಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದರೆ ನೀರು ನಿಂತು ಗಿಡದ ಬೇರು ಕೊಳೆಯುತ್ತದೆ. ತೂತು ಮಾಡಿದರೆ ಮರದ ಬೇರು ಅಲ್ಲಿಂದಲೇ ಒಳಗೆ ಬರುತ್ತದೆ.

ನನ್ನ ಮಟ್ಟಿಗೆ ನಂಬಬಹುದಾದ ದಾರಿ ಒಂದೇ, ಮಡಿಯನ್ನು ನೆಲದಿಂದ ಬಿಡಿಸುವುದು. ತಳ ಇರುವ ಪೆಟ್ಟಿಗೆ ಮಾಡಿಸಿ, ನೀರು ಬಸಿಯಲು ತೂತು ಬಿಟ್ಟು, ಕಾಲಿನ ಮೇಲೋ ಕಲ್ಲಿನ ಮೇಲೋ ಕೂರಿಸಿ. ನೆಲಕ್ಕೂ ತಳಕ್ಕೂ ನಡುವೆ ಕೈ ಆಡುವಷ್ಟು ಜಾಗ ಇರಲಿ. ಬೇರು ಬಯಲು ಗಾಳಿಯನ್ನು ದಾಟಿ ಬರುವುದಿಲ್ಲ, ತುದಿ ಒಣಗುತ್ತದೆ. ಆ ಸಂದಿಯಲ್ಲಿ ಎಲೆ, ಮಣ್ಣು ತುಂಬಿಕೊಳ್ಳದ ಹಾಗೆ ನೋಡಿಕೊಳ್ಳಿ, ತುಂಬಿದರೆ ಅದೇ ಸೇತುವೆ. ಕುಂಡ, ಗ್ರೋ ಬ್ಯಾಗ್‌ಗೂ ಇದೇ ಮಾತು. ನೇರ ಮಣ್ಣಿನ ಮೇಲೆ ಇಟ್ಟರೆ ತಳದಿಂದಲೇ ಬೇರು ಏರುತ್ತದೆ. ಮಣ್ಣು ತುಂಬಿದ ಪೆಟ್ಟಿಗೆ, ಅದೂ ನೀರು ಕುಡಿದ ಮೇಲೆ, ವಿಪರೀತ ಭಾರ. ಕಾಲು ಗಟ್ಟಿ ಇರಲಿ.

ಮಡಿ ಎತ್ತಲು ಆಗದಿದ್ದರೆ ಮರಕ್ಕೂ ಮಡಿಗೂ ನಡುವೆ ಕಾಲುವೆ ತೋಡಿ, ಬೇರು ತಡೆಯಲೆಂದೇ ಬರುವ ದಪ್ಪ ಪ್ಲಾಸ್ಟಿಕ್ ತಡೆಯನ್ನು ನಿಲ್ಲಿಸಿ ಮುಚ್ಚಬಹುದು. ಎರಡು ಅಡಿ ಆಳ ಬೇಕು. ಮೇಲಂಚು ನೆಲದಿಂದ ಸ್ವಲ್ಪ ಮೇಲೇ ಇರಲಿ, ಇಲ್ಲದಿದ್ದರೆ ಬೇರು ಮೇಲಿಂದ ಹಾರಿ ಬರುತ್ತದೆ. ಅಗೆಯುವ ಮೊದಲು ಆ ಜಾಗದಲ್ಲಿ ನೀರಿನ ಪೈಪು, ಕರೆಂಟಿನ ಕೇಬಲ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಇಲ್ಲೊಂದು ಕಡೆ ಕೈ ತಡೆಯಬೇಕು. ಬೆರಳಿನಷ್ಟು ದಪ್ಪದ ಬೇರನ್ನು ಹರಿತ ಗರಗಸದಿಂದ ನೀಟಾಗಿ ಕತ್ತರಿಸಿದರೆ ಮರ ತಡೆದುಕೊಳ್ಳುತ್ತದೆ. ಮಣಿಕಟ್ಟಿನಷ್ಟು ದಪ್ಪದ್ದನ್ನು ಮುಟ್ಟಬೇಡಿ. ಬುಡಕ್ಕೆ ಹತ್ತಿರದ ದಪ್ಪ ಬೇರುಗಳೇ ಮರವನ್ನು ಹಿಡಿದು ನಿಲ್ಲಿಸಿರುವುದು. ಅವನ್ನು ಕಡಿದರೆ ಮುಂದಿನ ಜೋರು ಗಾಳಿಗೆ ಮರ ಮನೆಯ ಮೇಲೇ ಬೀಳಬಹುದು. ದೊಡ್ಡ ಮರ ಆದರೆ ಮರದ ಕೆಲಸ ಬಲ್ಲವರಿಗೆ ತೋರಿಸಿಯೇ ಮುಂದುವರಿಯಿರಿ. ಪಕ್ಕದ ಮನೆಯವರ ಮರವಾದರೆ ಮೊದಲು ಅವರ ಹತ್ತಿರ ಮಾತಾಡಿ. ಬೇರಿಗೆ ಮೈಲುತುತ್ತವೋ ಕಳೆನಾಶಕವೋ ಸುರಿಯುವ ಬುದ್ಧಿ ಮಾತ್ರ ಬೇಡವೇ ಬೇಡ. ನಾವು ತಿನ್ನುವ ಸೊಪ್ಪು ಬೆಳೆಯುವ ಮಣ್ಣು ಅದು.

ಈ ವರ್ಷ ಇದ್ಯಾವುದೂ ಆಗಲ್ಲ ಅನ್ನುವವರು ಪ್ರತಿ ಬೆಳೆ ಮುಗಿದ ಮೇಲೆ ಮಡಿಯ ಒಳ ಅಂಚಿನ ಉದ್ದಕ್ಕೂ ಸಲಿಕೆ ಇಳಿಸಿ, ತಳದವರೆಗೆ ಮಣ್ಣು ತಿರುವಿ, ಸಿಕ್ಕ ಸಣ್ಣ ಬೇರನ್ನೆಲ್ಲ ಆರಿಸಿ ತೆಗೆಯಿರಿ. ಅದು ಮತ್ತೆ ಬರುತ್ತದೆ, ಆದರೆ ಒಂದು ಬೆಳೆಗೆ ಸಮಯ ಸಿಗುತ್ತದೆ. ಆ ಮಡಿಗೆ ಟೊಮೆಟೊ, ಬದನೆ ಬೇಡ. ಬೇಗ ಕೊಯ್ಲಿಗೆ ಬರುವ ಮೆಂತ್ಯ, ಕೊತ್ತಂಬರಿ, ದಂಟು ಹಾಕಿ. ನೀರು ಮಾತ್ರ ಬೇರೆ ಮಡಿಗಿಂತ ಜಾಸ್ತಿಯೇ ಬೇಕು.