ಡ್ರಗ್ಸ್ ಕೇಸು, ವೀಸಾ, ವಕೀಲರು: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಹೊಸಬರನ್ನು ಮೊದಲು ದಾರಿ ತಪ್ಪಿಸುವುದು ಗಾಂಜಾ ಅಂಗಡಿಯ ಬೋರ್ಡು. ಕೊಲೊರಾಡೊ, ವಾಷಿಂಗ್ಟನ್ ರಾಜ್ಯಗಳ ಮತದಾರರು 2012ರಲ್ಲಿ, ಕ್ಯಾಲಿಫೋರ್ನಿಯಾದವರು 2016ರಲ್ಲಿ, 21 ತುಂಬಿದವರು ಗಾಂಜಾ ಇಟ್ಟುಕೊಳ್ಳಬಹುದೆಂದು ಒಪ್ಪಿದರು. ಅಂಗಡಿಯಲ್ಲಿ ಐಡಿ ನೋಡಿ, ಬಿಲ್ಲು ಹಾಕಿಯೇ ಕೊಡುತ್ತಾರೆ. ಆದರೆ ನಮ್ಮ ವೀಸಾ, ಗ್ರೀನ್ ಕಾರ್ಡು ನಿಂತಿರುವುದು ಫೆಡರಲ್ ಕಾನೂನಿನ ಮೇಲೆ. ಅಲ್ಲಿ ಗಾಂಜಾ ನಿಯಂತ್ರಿತ ವಸ್ತುಗಳ ಪಟ್ಟಿಯಲ್ಲೇ ಇದೆ. ಕೇಸೇ ಇಲ್ಲದಿದ್ದರೂ, ಏರ್‌ಪೋರ್ಟಿನ ಅಧಿಕಾರಿಯ ಮುಂದೆ ‘ಹೌದು, ನನ್ನ ಹತ್ತಿರ ಇತ್ತು’ ಎಂದು ಒಪ್ಪಿಕೊಂಡರೆ ಒಳಗೆ ಬಿಡದಿರಲು ಅಷ್ಟೇ ಸಾಕಾಗಬಹುದು.

ಪೊಸೆಷನ್, ಅಂದರೆ ಡ್ರಗ್ಸ್ ಇಟ್ಟುಕೊಂಡ ಅಪರಾಧ, ಎನ್ನಲು ಮಾಲು ಜೇಬಿನಲ್ಲೇ ಸಿಗಬೇಕೆಂದಿಲ್ಲ. ಕಾರಿನ ಸೀಟಿನಡಿ ಅಥವಾ ರೂಮ್‌ಮೇಟ್ ಜೊತೆ ಹಂಚಿಕೊಂಡ ಕಪಾಟಿನಲ್ಲಿ ಸಿಕ್ಕರೂ ಕೇಸು ಹಾಕಬಹುದು. ಅದು ಅಲ್ಲಿದ್ದದ್ದು ನಿಮಗೆ ಗೊತ್ತಿತ್ತು, ನಿಮ್ಮ ಹಿಡಿತದಲ್ಲೂ ಇತ್ತು ಎಂದು ಸರ್ಕಾರಿ ವಕೀಲರು ಸಾಬೀತು ಮಾಡಬೇಕು. ಅದೇ ಕಾರಿನಲ್ಲಿ ಕೂತಿದ್ದಿರಿ ಎಂಬುದೊಂದೇ ಸಾಮಾನ್ಯವಾಗಿ ಸಾಲದು. ಇಲ್ಲೇ ನಮ್ಮ ಹುಡುಗರು ಎಡವುವುದು. ಗಾಬರಿಯಲ್ಲಿ ‘ಅದು ನನ್ನದಲ್ಲ ಸರ್, ಅವನದು’ ಅನ್ನುತ್ತಾರೆ. ಅಂದರೆ ಗೊತ್ತಿತ್ತು ಎಂದು ತಾವೇ ಹೇಳಿಕೊಟ್ಟಂತಾಯಿತು.

ಗಾಂಜಾ ಮುಟ್ಟದವರಿಗೂ ಮಾತ್ರೆಗಳ ತೊಂದರೆ ಇದೆ. ಊರಿನಿಂದ ತಂದ ಟ್ರಮಡಾಲ್ (ನೋವಿನ ಮಾತ್ರೆ), ಆಲ್ಪ್ರಜೊಲಾಮ್ (ಆತಂಕದ ಮಾತ್ರೆ) ಇಲ್ಲಿ ನಿಯಂತ್ರಿತ ಔಷಧಿಗಳು. ಡಾಕ್ಟರ ಚೀಟಿ, ಮೂಲ ಪ್ಯಾಕೆಟ್ಟು ಜೊತೆಗಿರಲಿ. ಪರೀಕ್ಷೆಯ ಹೊತ್ತಿಗೆ ಸಹಪಾಠಿ ಕೊಡುವ ಒಂದು ಆಡರಾಲ್ (ಏಕಾಗ್ರತೆಯ ತೊಂದರೆಗೆ ಕೊಡುವ, ಇದೂ ನಿಯಂತ್ರಿತವಾದ ಔಷಧಿ) ಮಾತ್ರೆಯೂ ಪೊಸೆಷನ್ನೇ. ಕಾನ್ಸಾಸ್‌ನಲ್ಲಿ ಟ್ಯುನೀಸಿಯಾ ಮೂಲದ ಗ್ರೀನ್ ಕಾರ್ಡುದಾರರೊಬ್ಬರ ಕಾಲುಚೀಲದಲ್ಲಿ ನಾಲ್ಕು ಆಡರಾಲ್ ಮಾತ್ರೆ ಸಿಕ್ಕವು. ಕೊನೆಗೆ ಅವರಿಗೆ ಶಿಕ್ಷೆಯಾದದ್ದು ಡ್ರಗ್ಸ್ ಬಚ್ಚಿಡುವ ಸಲಕರಣೆ ಇಟ್ಟುಕೊಂಡದ್ದಕ್ಕೆ. ಸಲಕರಣೆ ಯಾವುದು? ಆ ಕಾಲುಚೀಲ! 2015ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪಿತ್ತಿತು, ಆದರೆ ಅಷ್ಟರಲ್ಲಿ ಅವರನ್ನು ದೇಶದಿಂದ ಹೊರಹಾಕಿಯಾಗಿತ್ತು.

ಪೊಲೀಸರು ಹಿಡಿದರೆ ನಿಜವಾದ ಹೆಸರು ಹೇಳಿ, ಕೇಳಿದ ಲೈಸೆನ್ಸು ಕೊಡಿ. ‘ಕಾರು ನೋಡಲೇ?’ ಎಂದು ಕೇಳಿದರೆ ‘ಐ ಡು ನಾಟ್ ಕನ್ಸೆಂಟ್’ ಎಂದು ಸಮಾಧಾನದಿಂದ ಹೇಳಬಹುದು. ಆಮೇಲೂ ಹುಡುಕಿದರೆ ತಡೆಯಬೇಡಿ, ಅದನ್ನು ವಕೀಲರು ಕೋರ್ಟಿನಲ್ಲಿ ಪ್ರಶ್ನಿಸುತ್ತಾರೆ. ಪ್ರಶ್ನೆ ಶುರುವಾದೊಡನೆ ‘ಐ ವಾಂಟ್ ಎ ಲಾಯರ್’ ಅನ್ನಿ, ಮತ್ತೆ ಸುಮ್ಮನಿರಿ. ಜೈಲಿನ ಫೋನು ರೆಕಾರ್ಡ್ ಆಗುತ್ತದೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೂ ತಿಳಿಯದು ಎಂಬ ಧೈರ್ಯ ಬೇಡ.

ಈಗ ಅಸಲು ವಿಷಯ. ಮೊದಲ ಸಲದ ಸಣ್ಣ ಕೇಸಿಗೆ ಒಂದು ಒಪ್ಪಂದ ಮುಂದಿಡುತ್ತಾರೆ: ತಪ್ಪೊಪ್ಪಿಕೊಳ್ಳಿ, ಕ್ಲಾಸಿಗೆ ಹೋಗಿ, ವರ್ಷ ಕಳೆದ ಮೇಲೆ ಕೇಸು ವಜಾ. ಇಲ್ಲಿಯ ನಾಗರಿಕನಿಗೆ ಇದು ಒಳ್ಳೆಯದೇ. ನಮಗೆ ಇದೇ ಬಲೆ. ತಪ್ಪೊಪ್ಪಿಗೆಯ ಜೊತೆ ಏನಾದರೊಂದು ದಂಡ ಅಥವಾ ನಿರ್ಬಂಧ ಸೇರಿದರೆ ಇಮಿಗ್ರೇಷನ್ ಕಾನೂನು ಅದನ್ನು ಶಿಕ್ಷೆಯೆಂದೇ ಎಣಿಸುತ್ತದೆ. ರಾಜ್ಯದ ಕೋರ್ಟು ಆಮೇಲೆ ದಾಖಲೆ ಅಳಿಸಿದರೂ ಸಾಮಾನ್ಯವಾಗಿ ಲೆಕ್ಕ ಬದಲಾಗದು. ಗಡೀಪಾರಿನಿಂದ ಇರುವ ವಿನಾಯಿತಿ ತೀರಾ ಕಿರಿದು: ಸ್ವಂತ ಬಳಕೆಗೆ 30 ಗ್ರಾಂ ಮೀರದ ಗಾಂಜಾ, ಅದೂ ಒಂದೇ ಸಲ. ದೇಶ ಬಿಟ್ಟು ಮರಳುವಾಗ ಅದೂ ತಾನಾಗಿ ಕಾಪಾಡುವುದಿಲ್ಲ. ತಪ್ಪೊಪ್ಪಿಗೆಯೇ ಇಲ್ಲದ ಡೈವರ್ಷನ್ (ಷರತ್ತು ಪೂರೈಸಿದರೆ ಕೇಸು ಕೈಬಿಡುವ ಏರ್ಪಾಡು) ಸಿಗುತ್ತದೆಯೇ ಎಂದು ವಕೀಲರನ್ನು ಮೊದಲೇ ಕೇಳಿ.

ಹಾಗಾಗಿ ಬೇಕಾದದ್ದು ಇಬ್ಬರು: ಆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೋರ್ಟಿನಲ್ಲಿ ದಿನವೂ ಓಡಾಡುವ ಕ್ರಿಮಿನಲ್ ವಕೀಲರು ಮತ್ತು ಅವರೊಂದಿಗೆ ಮಾತಾಡುವ ಇಮಿಗ್ರೇಷನ್ ವಕೀಲರು. ಎಚ್-1ಬಿ ಕೆಲಸದ ವೀಸಾ ಮಾಡಿಸಿದ ಆಫೀಸಿನ ವಕೀಲರನ್ನು ನೆಚ್ಚಬೇಡಿ, ಅವರು ಮೊದಲು ಕಂಪನಿಯ ಹಿತ ನೋಡಬೇಕಾದವರು. ದುಡ್ಡಿಲ್ಲದಿದ್ದರೆ ಜೈಲುಶಿಕ್ಷೆಯ ಸಾಧ್ಯತೆ ಇರುವ ಕೇಸಿನಲ್ಲಿ ಕೋರ್ಟೇ ಪಬ್ಲಿಕ್ ಡಿಫೆಂಡರ್, ಅಂದರೆ ನಿಮ್ಮ ಪರ ವಾದಿಸುವ ಬಿಟ್ಟಿ ವಕೀಲರನ್ನು, ಕೊಡುತ್ತದೆ. ಬಿಟ್ಟಿ ಎಂದು ಅವರನ್ನು ಹಗುರ ಮಾಡಬೇಡಿ. ಎಷ್ಟೋ ಕಡೆ ಅವರ ಕಚೇರಿಯಲ್ಲೇ ಇಮಿಗ್ರೇಷನ್ ಬಲ್ಲವರಿರುತ್ತಾರೆ. ವಲಸಿಗರಿಗೆ ಗಡೀಪಾರಿನ ಅಪಾಯ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯವೆಂದು ಸುಪ್ರೀಂ ಕೋರ್ಟಿನ 2010ರ ಪಡಿಲ್ಲಾ ತೀರ್ಪು ಹೇಳಿದೆ.

ವಕೀಲರ ಲೈಸೆನ್ಸು, ಶಿಸ್ತುಕ್ರಮಗಳನ್ನು ಆ ರಾಜ್ಯದ ಬಾರ್‌ನ (ವಕೀಲರ ಸಂಘದ) ಜಾಲತಾಣದಲ್ಲೇ ನೋಡಬಹುದು. ಮೊದಲ ಭೇಟಿಯಲ್ಲಿ ಕೇಳಿ: ನಾಗರಿಕರಲ್ಲದವರ ಡ್ರಗ್ಸ್ ಕೇಸು ನಡೆಸಿದ್ದೀರಾ? ಕೋರ್ಟಿಗೆ ನೀವೇ ಬರುತ್ತೀರಾ, ಜೂನಿಯರನ್ನು ಕಳಿಸುತ್ತೀರಾ? ಈ ಫೀಸಿನಲ್ಲಿ ವಿಚಾರಣೆಯೂ ಸೇರಿದೆಯೇ? ‘ಗೆದ್ದೇ ಗೆಲ್ಲಿಸುತ್ತೇನೆ’ ಅಂದವರ ಕಚೇರಿಯಿಂದ ಎದ್ದು ಬನ್ನಿ. ಫೀಸು ಒಪ್ಪಂದ ಬರವಣಿಗೆಯಲ್ಲಿರಲಿ.

ಕೇಸು ನಡೆಯುತ್ತಿರುವಾಗ ಇಮಿಗ್ರೇಷನ್ ವಕೀಲರನ್ನು ಕೇಳದೆ ಊರಿಗೆ ಟಿಕೆಟ್ ಮಾಡಬೇಡಿ. ಬಂಧನವಾದ ಮಾತ್ರಕ್ಕೇ ವೀಸಾ ರದ್ದಾಗಿರುವುದೂ ಉಂಟು. ಕೇಸು ಮುಗಿದೊಡನೆ ಕೋರ್ಟಿನಿಂದ ತೀರ್ಮಾನದ ದೃಢೀಕೃತ ಪ್ರತಿ ಪಡೆದು ಜೋಪಾನ ಮಾಡಿ. ವೀಸಾ ಅರ್ಜಿ ಡಿಎಸ್-160 ಶಿಕ್ಷೆಯ ಜೊತೆಗೆ ಬಂಧನವನ್ನೂ ಕೇಳುತ್ತದೆ. ಕೇಸು ವಜಾ ಆಗಿದ್ದರೂ ಬಂಧನ ಆಗಿದ್ದರೆ ಅಲ್ಲಿ ಉತ್ತರ ‘ಹೌದು’.