ಲೋಟದ ಅಂಚಿನಲ್ಲಿ ತುಟಿಯ ಗುರುತು: ಎಬ್ಬಿಸುವುದು ಹೇಗೆ?

ಮಲೆನಾಡಿನ ಮನೆಗಳಲ್ಲಿ ನೀರು ಕುಡಿಯುವುದು ಎರಡು ಥರ. ಒಂದು ಎತ್ತಿ ಕುಡಿಯುವುದು, ಇನ್ನೊಂದು ಕಚ್ಚಿ ಕುಡಿಯುವುದು. ಕಚ್ಚಿ ಕುಡಿದರೆ ಲೋಟ ಎಂಜಲು, ನೇರ ತೊಳೆಯೋಕೆ. ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿ ಮನೆಯಲ್ಲಿ ಈಗಲೂ ಇದೇ ಕಾನೂನು. ಅಪರಾಧ ಪತ್ತೆ ಮಾಡುವವರಿಗೆ ಬೇಕಾಗಿರುವುದು ಆ ಎಂಜಲು ಲೋಟವೇ. ಬೆರಳಿನ ಹಾಗೆ ತುಟಿಯ ಮೇಲೂ ಗೆರೆಗಳಿವೆ. 1902ರಲ್ಲೇ ಫಿಷರ್ ಎಂಬ ಮಾನವಶಾಸ್ತ್ರಜ್ಞ ಇವನ್ನು ಗುರುತಿಸಿದ್ದ. 1932ರಲ್ಲಿ ಫ್ರಾನ್ಸಿನ ಅಪರಾಧ ವಿಜ್ಞಾನಿ ಎಡ್ಮಂಡ್ ಲೊಕಾರ್ಡ್, ವ್ಯಕ್ತಿಯನ್ನು ಗುರುತು ಹಿಡಿಯಲು ಇವನ್ನು ಬಳಸಬಹುದು ಎಂದ.

ಕಳೆದ ಜುಲೈನಲ್ಲಿ ಅಕ್ಕನ ಮಗಳು ಕಾಲೇಜು ಪ್ರಾಜೆಕ್ಟ್ ಹಿಡಿದು ಬಂದಳು. ಮಳೆ ರಜೆ ಬೇರೆ. ಜಗುಲಿಯಲ್ಲಿ ಕೂತು ಮಾಡಿಯೇ ನೋಡಿದೆವು. ನೀವೂ ಮಾಡಬಹುದು.

ನುಣುಪಾದ ಗಾಜಿನ ಲೋಟ, ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆ ಬ್ರಷ್, ಅಗಲದ ಸೆಲ್ಲೋ ಟೇಪ್, ಬಿಳಿ ಕಾರ್ಡು, ಟಾರ್ಚು, ಸ್ಕೇಲು ಇಟ್ಟುಕೊಳ್ಳಿ. ಪುಡಿಗೆ ದೀಪದ ಮಸಿ ಸಾಕು. ಕಾಡಿಗೆ ಮಾಡುವ ಹಾಗೆಯೇ ದೀಪದ ಮೇಲೆ ತಟ್ಟೆ ಕವುಚಿಟ್ಟು, ಆರಿದ ಮೇಲೆ ಕೆರೆದುಕೊಳ್ಳಿ. ತುಪ್ಪ ಮಾತ್ರ ಸೇರಿಸಬೇಡಿ! ಲ್ಯಾಬಿನಲ್ಲಿ ಬಳಸುವ ಕಪ್ಪು ಪುಡಿಯಲ್ಲೂ ಇಂಥದ್ದೇ ಇಂಗಾಲ ಇರುತ್ತದೆ.

ಮೊದಲು ಗುರುತು ಮೂಡಿಸಿ

ಲೋಟ ತೊಳೆದು ಚೆನ್ನಾಗಿ ಒಣಗಿಸಿ. ತುಟಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಒರೆಸಿಬಿಡಿ. ಒರೆಸಿದ ಮೇಲೆ ಉಳಿಯುವ ಪಸೆ ಸಾಕು. ಈಗ ಕಾಫಿ ಕುಡಿಯುವ ಹಾಗೆ ಅಂಚಿಗೆ ತುಟಿ ಒತ್ತಿ, ಜಾರಿಸದೆ ತೆಗೆಯಿರಿ. ಕೆಳತುಟಿ ಲೋಟದ ಹೊರಗೆ ತಾಗುತ್ತದೆ, ಮೇಲ್ತುಟಿ ಒಳಗೆ. ನಿಜವಾಗಿ ಕಾಫಿ ಕುಡಿದಿದ್ದರೆ ಒಳಗಿನ ಗುರುತು ತೊಳೆದು ಹೋಗಿರುತ್ತದೆ. ಅದಕ್ಕೇ ಹುಡುಕುವವರ ಕಣ್ಣು ಮೊದಲು ಹೊರಗಿನ ಅಂಚಿಗೆ.

ಪುಡಿಗೆ ಮುಂಚೆ ಫೋಟೊ

ಲೋಟದ ಬುಡ ಹಿಡಿದು, ಓರೆಯಾಗಿ ಟಾರ್ಚು ಬಿಡಿ. ಮಂಜು ಕಟ್ಟಿದ ಹಾಗೆ ಒಂದು ಕಲೆ ಕಾಣುತ್ತದೆ. ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ. ಬ್ರಷ್ ತಾಗಿದ ಮೇಲೆ ಗುರುತು ಕೆಟ್ಟರೆ ವಾಪಸ್ ಬರುವುದಿಲ್ಲ. ನಿಜವಾದ ಕೇಸಿನಲ್ಲಿ ಇನ್ನೊಂದು ತಲೆನೋವು ಇದೆ. ಎಂಜಲಿನಲ್ಲಿ ಡಿಎನ್‌ಎ ಇರುತ್ತದೆ. ಒಂದು ಕಡೆ ಆಡಿಸಿದ ಬ್ರಷ್ಷನ್ನೇ ಇನ್ನೊಂದು ಕಡೆ ಆಡಿಸಿದರೆ ಒಬ್ಬರ ಎಂಜಲು ಇನ್ನೊಬ್ಬರ ಲೋಟಕ್ಕೆ ಸೇರುತ್ತದೆ. ಅಜ್ಜಿಯ ಮಡಿಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ, ಅಲ್ವಾ?

ಪುಡಿ ಹಾಕುವುದು

ನಾವು ಕೆಟ್ಟದ್ದು ಇಲ್ಲೇ. ಬ್ರಷ್ ಪೂರ್ತಿ ಅದ್ದಿ ಬಳಿದೆವು. ಹೊರಗೆ ಧೋ ಎಂದು ಮಳೆ, ಗಾಜಿನ ಮೇಲೆಲ್ಲ ತೇವ. ಮಸಿ ಇಡೀ ಲೋಟಕ್ಕೆ ಮೆತ್ತಿತು. ಗುರುತು ಎಲ್ಲಿ, ಲೋಟ ಎಲ್ಲಿ ಒಂದೂ ತಿಳಿಯಲಿಲ್ಲ. ಎರಡನೇ ಸಲ ಮಸಿಯ ಡಬ್ಬಿಯನ್ನು ಒಲೆ ದಂಡೆಯ ಮೇಲೆ ಬೆಚ್ಚಗೆ ಇಟ್ಟು ಒಣಗಿಸಿದೆವು. ಬ್ರಷ್ಷಿನ ತುದಿ ಮಾತ್ರ ಅದ್ದಿ, ಕೊಡವಿ, ಗಾಜಿಗೆ ತಾಗಿತೋ ಇಲ್ಲವೋ ಎಂಬಂತೆ ತಿರುಗಿಸಿದೆವು. ಮೊದಲು ಬೂದು ನೆರಳು. ಆಮೇಲೆ ಒಂದೊಂದೇ ಗೆರೆ. ಗೆರೆ ಕಂಡ ಮೇಲೆ ಅದು ಹೋದ ದಿಕ್ಕಿನಲ್ಲೇ ಬ್ರಷ್ ಆಡಿಸಿ, ಸಾಕು ಅನ್ನಿಸುವ ಮುಂಚೆಯೇ ನಿಲ್ಲಿಸಿ.

ಕಪ್ಪಾಗಿ ಬರುವುದು ತುಟಿಯ ಉಬ್ಬು. ನಡುವೆ ಬೆಳ್ಳಗೆ ಉಳಿಯುವ ಗೆರೆಯೇ ಸುಕ್ಕು. ನಾವು ಓದಬೇಕಾದದ್ದು ಆ ಬಿಳಿ ಗೆರೆಯನ್ನು.

ಮತ್ತೊಂದು ಫೋಟೊ ತೆಗೆದು, ಟೇಪನ್ನು ಒಂದು ಕಡೆಯಿಂದ ಗಾಳಿ ಸೇರದ ಹಾಗೆ ಒತ್ತುತ್ತಾ ಅಂಟಿಸಿ. ಒಂದೇ ಎಳೆತಕ್ಕೆ ಎತ್ತಿ ಕಾರ್ಡಿಗೆ ಹಚ್ಚಿ. ಕಾರ್ಡಿನ ಮೇಲೆ ದಿನ, ಜಾಗ, ಯಾವ ಲೋಟ ಎಂದು ಬರೆಯಿರಿ. ಲಿಪ್‌ಸ್ಟಿಕ್ ಮೆತ್ತಿದ ಬಟ್ಟೆ, ಕಾಗದದ ವಿಷಯ ಬೇರೆ. ಲ್ಯಾಬಿನವರು ಅದಕ್ಕೆ ಸುಡಾನ್ ಬ್ಲಾಕ್, ನೈಲ್ ರೆಡ್‌ನಂಥ, ಎಣ್ಣೆ ಹಿಡಿಯುವ ಬಣ್ಣ ಬಳಸುತ್ತಾರೆ.

ಗೆರೆ ಓದುವುದು

ಜಪಾನಿನ ಸಂಶೋಧಕರಾದ ಸುಜುಕಿ ಮತ್ತು ತ್ಸುಚಿಹಾಶಿ 1970ರ ಸುಮಾರಿಗೆ ಮಾಡಿದ ವಿಂಗಡಣೆ ಈಗಲೂ ಬಳಕೆಯಲ್ಲಿದೆ. ಮೇಲಿಂದ ಕೆಳಗೆ ಪೂರ್ತಿ ಹೋಗುವ ಗೆರೆ, ಅರ್ಧಕ್ಕೆ ನಿಲ್ಲುವುದು, ಕವಲೊಡೆಯುವುದು, ಒಂದನ್ನೊಂದು ಕತ್ತರಿಸುವುದು, ಬಲೆಯಂಥದ್ದು, ಇದ್ಯಾವುದಕ್ಕೂ ಸೇರದ್ದು. ಅಕ್ಕನ ಮಗಳದ್ದು ಕವಲು. ನನ್ನದು ಬಲೆ ಎಂದು ಅವಳ ವಾದ, ನನಗೇನೋ ಕತ್ತರಿಸಿದ ಹಾಗೇ ಕಂಡಿತು.

ಒಂದೇ ಗುರುತು, ಇಬ್ಬರ ಓದು ಎರಡು. ತೊಂದರೆ ಇರುವುದೇ ಇಲ್ಲಿ. ಜೋರಾಗಿ ಒತ್ತಿದರೆ ಅದೇ ತುಟಿಯ ಗೆರೆ ಬೇರೆ ಥರ ಬರುತ್ತದೆ. ಚಳಿಗಾಲದಲ್ಲಿ ತುಟಿ ಒಡೆದರಂತೂ ಕೇಳಲೇಬೇಡಿ. ಅಮೆರಿಕದ ಇಲಿನಾಯ್‌ನಲ್ಲಿ ಒಂದು ಕೊಲೆ ಕೇಸಿನಲ್ಲಿ, ಸ್ಥಳದಲ್ಲಿ ಸಿಕ್ಕ ಟೇಪಿನ ಮೇಲಿದ್ದ ತುಟಿ ಗುರುತನ್ನು ಸಾಕ್ಷಿಯಾಗಿ ಒಪ್ಪಿದ್ದನ್ನು ಮೇಲ್ಮನವಿ ಕೋರ್ಟು 1999ರಲ್ಲಿ ಎತ್ತಿಹಿಡಿದಿತ್ತು. ಆಮೇಲೆ ಆ ವಿಜ್ಞಾನದ ಮೇಲೇ ಅನುಮಾನ ಎದ್ದು, ಆ ಕೇಸಿನ ಶಿಕ್ಷೆ ರದ್ದಾಯಿತು. ನಮ್ಮ ದೇಶದ 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬೆರಳು, ಅಂಗೈ, ಪಾದ, ಕಣ್ಣನ್ನು ಹೆಸರಿಸುತ್ತದೆ. ತುಟಿಯ ಹೆಸರು ಎತ್ತುವುದಿಲ್ಲ. ನನ್ನ ಪ್ರಕಾರ ಇದು ಇನ್ನೊಂದು ಸಾಕ್ಷಿಗೆ ಊರುಗೋಲು ಆಗಬಹುದು, ಒಂಟಿಯಾಗಿ ನಿಲ್ಲಲಾರದು.

ಮನೆಯವರೆಲ್ಲರ ಲೋಟಕ್ಕೂ ಮಸಿ ಬಿತ್ತು. ಅಜ್ಜಿಯ ಲೋಟದಲ್ಲಿ ಬೆರಳಿನ ಗುರುತು ಬಿಟ್ಟರೆ ಬೇರೇನೂ ಸಿಗಲಿಲ್ಲ. ಅವರು ಎತ್ತಿ ಕುಡಿಯುವವರು.