ಕ್ಯಾಶುವಾಲ್ಟಿಯಲ್ಲಿ ಫಿಸಿಯೋಗೆ ಎಂತ ಕೆಲಸ?

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮೊದಲಿನ ಆರು ವರ್ಷ ಓಪಿಡಿಯಲ್ಲೇ ಇದ್ದದ್ದು, ಈಗ ಮೂರು ವರ್ಷದಿಂದ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಕ್ಯಾಶುವಾಲ್ಟಿಯಲ್ಲಿ. ಗುರ್ತದವರು ಸಿಕ್ಕಿದಾಗೆಲ್ಲ ಕೇಳುದು ಒಂದೇ, ಅಲ್ಲಿ ನಿಮಗೆ ಎಂತ ಕೆಲಸ, ಅಲ್ಲಿಯೂ ಮಸಾಜ್ ಮಾಡ್ಲಿಕ್ಕುಂಟಾ ಅಂತ.

ಶುರುವಾದದ್ದು ಒಬ್ಬ ವಾಲಿಬಾಲ್ ಆಡುವ ಹುಡುಗನಿಂದ. ರಾತ್ರಿ ಮ್ಯಾಚಲ್ಲಿ ಹಾರ್ಲಿಕ್ಕೆ ಹೋಗುವಾಗ ಹಿಮ್ಮಡಿಗೆ ಯಾರೋ ಹಿಂದಿನಿಂದ ಒದ್ದ ಹಾಗಾಯ್ತಂತೆ, ತಿರುಗಿ ನೋಡಿದ್ರೆ ಹಿಂದೆ ಯಾರೂ ಇಲ್ಲ. ಅವತ್ತೇ ಒಂದು ಕಡೆ ತೋರಿಸಿದ್ದಾನೆ, ಎಕ್ಸ್‌ರೇಯಲ್ಲಿ ಮೂಳೆ ಸರಿ ಇತ್ತು, ಉಳುಕು ಅಂತ ಹೇಳಿ ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಳಿಸಿದ್ರು. ನನ್ನ ಹತ್ರ ಬಂದದ್ದು ಏಳು ವಾರ ಕಳೆದು. ಕವುಚಿ ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗೆ ಬರುವ ಹಾಗೆ ಮಾಡಿ ಮೀನಖಂಡ ಹಿಂಡಿದೆ. ಸರಿ ಇದ್ದ ಕಾಲಾದ್ರೆ ಹಿಂಡಿದ ಕೂಡ್ಲೆ ಪಾದ ಕೆಳಗೆ ಬಗ್ಗುತ್ತದೆ, ನಾವು ಬೇಡ ಅಂದ್ರೂ ಬಗ್ಗುತ್ತದೆ. ಇವನದ್ದು ಅಲ್ಲಾಡ್ಲೇ ಇಲ್ಲ. ಅಕಿಲಿಸ್ ಟೆಂಡನ್, ಅಂದ್ರೆ ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ದಪ್ಪ ಹುರಿ, ಪೂರ್ತಿ ಹರಿದಿತ್ತು. ಬೇರೆ ಸ್ನಾಯುಗಳು ಇರುವ ಕಾರಣ ಕುಂಟಿಕೊಂಡು ನಡೀಲಿಕ್ಕೆ ಆಗ್ತದೆ, ಪಾದ ಸ್ವಲ್ಪ ಆಡಿಸ್ಲಿಕ್ಕೂ ಆಗ್ತದೆ, ಎಕ್ಸ್‌ರೇಯಲ್ಲಿ ಟೆಂಡನ್ ಹರಿದದ್ದು ಗೊತ್ತಾಗುದಿಲ್ಲ, ಹಾಗಾಗಿ ತಪ್ಪಿಹೋಗುದು. ಆ ಪರೀಕ್ಷೆಗೆ ಹತ್ತು ಸೆಕೆಂಡು ಸಾಕಿತ್ತು. ಅವತ್ತೇ ಗೊತ್ತಾಗಿದ್ರೆ ಇಷ್ಟು ದೊಡ್ಡ ಆಪರೇಷನ್ ಬೇಕಿತ್ತಾ ಅಂತ ಅವನ ಅಮ್ಮ ಕೇಳಿದ್ದು ಈಗಲೂ ಕಿವಿಯಲ್ಲಿ ಉಂಟು.

ಆಮೇಲೆ ನಾನು, ಕ್ಯಾಶುವಾಲ್ಟಿಯಲ್ಲೇ ಒಬ್ಬ ಫಿಸಿಯೋ ಇರ್ಬೇಕು ಅಂತ ನಮ್ಮ ಆರ್ಥೋ (ಮೂಳೆ) ಡಾಕ್ಟರ ಹಿಂದೆ ಬಿದ್ದೆ. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಎಷ್ಟೋ ಆಸ್ಪತ್ರೆಗಳಲ್ಲಿ ಉಳುಕು, ಸೊಂಟನೋವು ಅಂತ ಬಂದವರನ್ನು ಫಿಸಿಯೋ ನೇರವಾಗಿ ನೋಡ್ತಾರೆ. ನಮ್ಮಲ್ಲಿ ಹಾಗಲ್ಲ, ಡ್ಯೂಟಿ ಡಾಕ್ಟರ್ ಮೊದಲು ನೋಡಿ, ಜೀವಕ್ಕೆ ಅಪಾಯ ಇಲ್ಲ ಅಂತ ಗ್ಯಾರಂಟಿ ಆದ ಮೇಲೆ ನನ್ನ ಕೈಗೆ, ನಾನು ನೋಡಿದ್ದನ್ನು ಪುನಃ ಅವರಿಗೇ ಹೇಳುದು. ನನಗೆ ಅದೇ ಸರಿ ಕಾಣ್ತದೆ, ಒಬ್ಬರ ಕಣ್ಣಿಗಿಂತ ಇಬ್ಬರದ್ದು ಒಳ್ಳೇದು.

ಜೂನ್ ಬಂತು ಅಂದ್ರೆ ಜಾರಿ ಬಿದ್ದವರೇ ಜಾಸ್ತಿ. ಪಾಚಿ ಹಿಡಿದ ಅಂಗಳ, ಬಾವಿಕಟ್ಟೆ, ಅಡಿಕೆ ತೋಟದ ಸಂಕ. ಕಾಲು ಬೀಗಿಕೊಂಡು ಬರ್ತಾರೆ, ಬಂದ ಕೂಡ್ಲೆ ಎಕ್ಸ್‌ರೇ ತೆಗೀರಿ ಅಂತಾರೆ. ಇದಕ್ಕೆ ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ಮಾಡಿದ ಒಂದು ನಿಯಮ ಉಂಟು, ನಾನು ದಿನಾ ಅದನ್ನೇ ಹಿಡ್ಕೊಂಡು ಕೆಲಸ ಮಾಡುದು. ಪಾದದ ಗಂಟಿನ ಒಳಗೆ ಹೊರಗೆ ಎರಡೂ ಬದಿಯ ಉಬ್ಬಿದ ಮೂಳೆಯ ತುದಿಯಿಂದ ಹಿಂದಿನ ಅಂಚಲ್ಲಿ ಮೇಲಕ್ಕೆ 6 ಸೆಂಟಿಮೀಟರ್, ಆಮೇಲೆ ಕಿರುಬೆರಳ ಸಾಲಿನ ಮೂಳೆಯ ಬುಡ, ಪಾದದ ಒಳಬದಿಯ ನೆವಿಕ್ಯುಲರ್ ಮೂಳೆ, ಇಷ್ಟು ಕಡೆ ಹೆಬ್ಬೆರಳಲ್ಲಿ ಒತ್ತಿ ನೋಡುದು. ಎಲ್ಲಿಯೂ ಮೂಳೆಗೆ ನೋವಿಲ್ಲ, ಬಿದ್ದಾಗಲೋ ಈಗಲೋ ಕುಂಟಿಕೊಂಡಾದ್ರೂ ನಾಲ್ಕು ಹೆಜ್ಜೆ ಇಡ್ಲಿಕ್ಕೆ ಆಗ್ತದೆ ಅಂದ್ರೆ ಫ್ರಾಕ್ಚರ್ ಇರುವ ಸಾಧ್ಯತೆ ತುಂಬಾ ಕಡಿಮೆ, ಎಕ್ಸ್‌ರೇ ಬೇಡ. ಕುಡಿದು ಬಂದವರಿಗೆ, ಶುಗರಿಂದ ಪಾದದ ಸ್ಪರ್ಶ ಹೋದವರಿಗೆ ಮಾತ್ರ ಇದನ್ನು ನಂಬುದಿಲ್ಲ.

ಆಮೇಲಿನದ್ದೇ ನಿಜವಾದ ಕೆಲಸ. ಜನ ಎರಡು ತಪ್ಪು ಮಾಡ್ತಾರೆ, ಒಂದೋ ಆ ದಿನವೇ ಎಣ್ಣೆ ಹಾಕಿ ಗಟ್ಟಿ ತಿಕ್ಕಿಸುದು, ಇಲ್ಲದಿದ್ರೆ ಹೆದರಿ ಮೂರು ವಾರ ಕಾಲು ನೆಲಕ್ಕೆ ಇಡದೆ ಇರುದು. ಓಪಿಡಿಯಲ್ಲಿ ಆ ಮರಗಟ್ಟಿದ ಕಾಲುಗಳನ್ನು ಬಗ್ಗಿಸಿ ಬಗ್ಗಿಸಿ ನನಗೆ ಸಾಕಾಗಿತ್ತು. ಈಗ ಅಲ್ಲೇ, ಮೊದಲ ಗಂಟೆಯಲ್ಲೇ, ಕೋಲು ಕೊಟ್ಟು ಕಾರಿಡಾರಲ್ಲಿ ನಡೆಸ್ತೇನೆ, ಎಷ್ಟು ನೋವು ಬಂದ್ರೆ ನಿಲ್ಲಿಸಬೇಕು ಅಂತ ತೋರಿಸ್ತೇನೆ, ಮೆಟ್ಟಿಲು ಹತ್ತುವಾಗ ಸರಿ ಇದ್ದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಐದನೇ ದಿನ ಫೋನ್ ಮಾಡ್ತೇನೆ.

ಸೊಂಟ ಹಿಡಿದವರದ್ದು ಬೇರೆ ಕಥೆ. ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವ ಒಬ್ಬರು ಅಕ್ಕ, ಎರಡು ದಿನದಿಂದ ಸೊಂಟದಿಂದ ಎರಡೂ ಕಾಲಿಗೆ ಎಳೀತದೆ ಅಂತ ಬಂದಿದ್ರು, ಇಂಜೆಕ್ಷನ್ ಕೊಟ್ಟು ಕಳಿಸಿ ಸಾಕು ಅಂತಿದ್ರು. ಗಂಡಸರು ಇದ್ದ ಕಡೆ ಹೇಳ್ಲಿಕ್ಕಿಲ್ಲ ಅಂತ ಪರದೆ ಎಳೆದು, ಹತ್ರ ಕೂತು, ತುಳುವಲ್ಲಿ ಮೆಲ್ಲ ಕೇಳಿದೆ, ಮೂತ್ರ ಸರಿ ಹೋಗ್ತದಾ, ತೊಳೆಯುವಾಗ ಅಲ್ಲಿ ನೀರು ಬಿದ್ದದ್ದು ಗೊತ್ತಾಗ್ತದಾ. ಸ್ವಲ್ಪ ಹೊತ್ತು ಸುಮ್ಮನೆ ಇದ್ರು, ಆಮೇಲೆ ನಿನ್ನೆಯಿಂದ ಗೊತ್ತಾಗುದಿಲ್ಲ ಅಂದ್ರು. ನಾನು ವ್ಯಾಯಾಮ ಎಂತದೂ ಹೇಳ್ಲಿಲ್ಲ, ಓಡಿದ್ದು ಡಾಕ್ಟರ ಹತ್ರ. ಬೆನ್ನಿನ ಡಿಸ್ಕ್ ಜಾರಿ ಕೆಳಗಿನ ನರದ ಗೊಂಚಲನ್ನೇ ಒತ್ತಿತ್ತು, ಎಂಆರ್‌ಐ ಆಗಿ ಅದೇ ರಾತ್ರಿ ಆಪರೇಷನ್. ತಡ ಆದ್ರೆ ಮೂತ್ರದ ಹಿಡಿತ ಪುನಃ ಬಾರದೆಯೂ ಹೋಗಬಹುದು. ಸೊಂಟನೋವಿನ ಒಟ್ಟಿಗೆ ಈ ಲಕ್ಷಣ ಕಂಡ್ರೆ ದಯವಿಟ್ಟು ನಾಚಿಕೆ ಮಾಡಿ ಕೂರಬೇಡಿ, ಕೇಳದಿದ್ರೂ ನೀವೇ ಹೇಳಿ.

ಸಂಜೆ ನಾಲ್ಕರ ಮೇಲೆ ನಮ್ಮಲ್ಲಿ ಫಿಸಿಯೋ ಇಲ್ಲ, ಇನ್ನೊಬ್ಬರನ್ನು ಕೇಳ್ತಾ ಇದ್ದೇವೆ. ಅಷ್ಟರವರೆಗೆ ಪ್ಲಾಸ್ಟರ್ ರೂಮಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ, ಹೆಬ್ಬೆರಳಲ್ಲಿ ಒತ್ತುವ ಜಾಗಗಳ ಚಿತ್ರ, ಅದರ ಕೆಳಗೆ ಮೀನಖಂಡ ಹಿಂಡುವ ಚಿತ್ರ. ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಒಬ್ಬಳು ಇಂಟರ್ನ್ ಫೋನ್ ಮಾಡಿದಳು, "ಮೇಡಂ, ಹಿಂಡಿದೆ, ಪಾದ ಅಲ್ಲಾಡುದಿಲ್ಲ, ಎಂತ ಮಾಡುದು?" ಪಾದ ಕೆಳಗೆ ಬಗ್ಗಿಸಿದ ಹಾಗೇ ಪ್ಲಾಸ್ಟರ್ ಸ್ಲ್ಯಾಬ್ ಹಾಕಿಸು, ಆರ್ಥೋದವರಿಗೆ ಈಗಲೇ ಹೇಳು ಅಂದೆ.